ಹತ್ತು ಲಕ್ಷದ ಕಾಲುಸಂಕದಿಂದ ಊರಿಗೆಷ್ಟು ದಕ್ಕುತ್ತದೆ?

ಹೊಸನಗರದ ಕಡೆಯ ಒಂದು ಗ್ರಾಮ ಪಂಚಾಯಿತಿ ಎಂದಿಟ್ಟುಕೊಳ್ಳಿ. ಒಂದೇ ವರ್ಷ ಎರಡು ಕೆಲಸ, ತಲಾ 10 ಲಕ್ಷ ರೂಪಾಯಿ. ಒಂದು, ಹಳ್ಳಕ್ಕೆ ಕಾಂಕ್ರೀಟಿನ ಕಾಲುಸಂಕ. ಟೆಂಡರ್ ಆಗಿ ಗುತ್ತಿಗೆದಾರರ ಕೈಗೆ. ಇನ್ನೊಂದು, ಜಾಬ್ ಕಾರ್ಡಿನವರಿಂದ ಕೆರೆ ಹೂಳು ತೆಗೆಸಿ, ಮೇಲಿನ ಗುಡ್ಡದಲ್ಲಿ ಇಂಗುಗುಂಡಿ ತೋಡಿಸುವುದು. ಪಂಚಾಯಿತಿಯ ಲೆಕ್ಕದಲ್ಲಿ ಎರಡೂ ಒಂದೊಂದು ಸಾಲು, ಒಂದೇ ಮೊತ್ತ. ಊರಿನ ದಿನಸಿ ಅಂಗಡಿಯ ಗಲ್ಲಾಪೆಟ್ಟಿಗೆ ಮಾತ್ರ ಈ ಎರಡಕ್ಕೂ ಇರುವ ವ್ಯತ್ಯಾಸವನ್ನು ಒಂದೇ ವಾರದಲ್ಲಿ ಹೇಳಿಬಿಡುತ್ತದೆ.

ಮೊದಲು ಕಾಲುಸಂಕ. 10 ಲಕ್ಷದ ಬಿಲ್ಲಿನಲ್ಲಿ ಸುಮಾರು ಒಂದೂವರೆ ಲಕ್ಷ ಜಿಎಸ್‌ಟಿಗೇ ಹೋಯಿತು. ಸರ್ಕಾರಿ ಕಾಮಗಾರಿ ಗುತ್ತಿಗೆಗೆ ದರ ಶೇ. 18. ಸಿಮೆಂಟು ಕಲಬುರಗಿ ಕಡೆಯದು, ಕಬ್ಬಿಣ ಬಳ್ಳಾರಿ ಕಡೆಯದು, ಡೀಸೆಲ್ಲು ಇನ್ನೂ ದೂರದ್ದು. ಜೆಸಿಬಿ ಬಾಡಿಗೆಯಲ್ಲಿ ಒಂದು ಪಾಲು ಅದರ ಸಾಲದ ಕಂತು. ಸೆಂಟ್ರಿಂಗ್ ಮಾಡುವವರು ಹೊರಗಿನಿಂದ ಬಂದ ತಂಡ. ಅವರ ಕೂಲಿ ಫೋನಿನಲ್ಲೇ ಅವರವರ ಊರು ಸೇರುತ್ತದೆ. ಗುತ್ತಿಗೆದಾರರ ಲಾಭ ಪೇಟೆಯಲ್ಲಿ ಸೈಟೋ ಬ್ಯಾಂಕಿನ ಠೇವಣಿಯೋ ಆಗುತ್ತದೆ. ಊರಿನಲ್ಲಿ ನಿಂತದ್ದು ನಾಲ್ಕಾರು ಆಳುಗಳ ಕೂಲಿ, ಟಿಪ್ಪರಿನವನ ಬಾಡಿಗೆ, ಕೆಂಪುಕಲ್ಲಿನ ಬಾಬ್ತು ಸ್ವಲ್ಪ. ಎಲ್ಲ ಸೇರಿ ಒಂದೂವರೆ ಲಕ್ಷ ಎನ್ನೋಣ.

ಈಗ ಕೆರೆ. 2025-26ರಲ್ಲಿದ್ದ ನರೇಗಾ (ಗ್ರಾಮೀಣ ಉದ್ಯೋಗ ಖಾತರಿ) ನಿಯಮದಲ್ಲಿ ಕೂಲಿಗೆ ಕನಿಷ್ಠ ಶೇ. 60, ಸಾಮಗ್ರಿಗೆ ಗರಿಷ್ಠ ಶೇ. 40, ಗುತ್ತಿಗೆದಾರರಿಗೆ ಅವಕಾಶವಿರಲಿಲ್ಲ, ಯಂತ್ರವನ್ನು ಸಾಧ್ಯವಾದಷ್ಟು ದೂರವಿಡಬೇಕಿತ್ತು. 6 ಲಕ್ಷ ಕೂಲಿ ಎಂದರೆ, 2025-26ರ ಕರ್ನಾಟಕದ ದಿನಗೂಲಿ 370 ರೂಪಾಯಿಯ ಲೆಕ್ಕದಲ್ಲಿ, 1,621 ಮಾನವದಿನ. ಸಾಮಗ್ರಿಯ 4 ಲಕ್ಷದಲ್ಲಿ ಊರಿಗೆ ಸಿಗುವುದು ಒಂದು ಲಕ್ಷ ಎಂದು ಹಿಡಿದರೆ, ಮೊದಲ ಸುತ್ತಿನಲ್ಲೇ 7 ಲಕ್ಷ ಊರಿನವರ ಕೈ ಸೇರಿತು.

ಆಟ ಅಲ್ಲಿಗೆ ನಿಲ್ಲುವುದಿಲ್ಲ. ಕೂಲಿಯ ಮನೆ 100 ರೂಪಾಯಿಯಲ್ಲಿ 90 ಖರ್ಚು ಮಾಡುತ್ತದೆ ಎಂದುಕೊಳ್ಳಿ. ಆ 90ರಲ್ಲಿ ಸೋಪು, ಎಣ್ಣೆ, ರೀಚಾರ್ಜಿನ ಹಣ ಹೊರಗೆ ಹರಿಯುತ್ತದೆ. ಅಂಗಡಿಯವನ ಲಾಭ, ಸಂತೆಯ ತರಕಾರಿ, ಮೀನಿನವನು, ದರ್ಜಿ, ಆಟೋ, ಹೋಟೆಲಿನ ಪಾಲು ಸೇರಿ 36 ರೂಪಾಯಿ ಸುತ್ತಮುತ್ತಲಿನವರ ಆದಾಯವಾಗಿ ಉಳಿಯುತ್ತದೆ. ಹಾಗೆ ಪಡೆದವರು ಮತ್ತೆ ಖರ್ಚು ಮಾಡುವಾಗ ನೂರಕ್ಕೆ 30 ಉಳಿಯುತ್ತದೆ, ಮುಂದಿನ ಸುತ್ತಿನಲ್ಲಿ ಅದರ ಶೇ. 30, ಹೀಗೇ. ಸುತ್ತುಗಳನ್ನೆಲ್ಲ ಕೂಡಿದರೆ ಕೆರೆಯ ಕೆಲಸದಿಂದ ಊರಿನ ಒಟ್ಟು ಆದಾಯ ಸುಮಾರು 10.5 ಲಕ್ಷ. ಕಾಲುಸಂಕದಿಂದ ಸುಮಾರು 2.3 ಲಕ್ಷ.

ಪ್ರಮಾಣಗಳೆಲ್ಲ ಲೆಕ್ಕಕ್ಕೆಂದು ನಾವೇ ಹಿಡಿದುಕೊಂಡವು. ನಿಮ್ಮ ಊರಿನವು ಬೇರೆ ಇರುತ್ತವೆ. ಲೆಕ್ಕ ಮಾಡುವ ದಾರಿ ಮಾತ್ರ ಇದೇ.

ಗುಣಕ ಎಂಬ ಸಂಖ್ಯೆ

ಸರ್ಕಾರ ಒಂದು ರೂಪಾಯಿ ಖರ್ಚು ಮಾಡಿದರೆ ಒಟ್ಟು ಉತ್ಪಾದನೆ ಎಷ್ಟು ರೂಪಾಯಿ ಏರುತ್ತದೆ ಎನ್ನುವುದಕ್ಕೆ ಅರ್ಥಶಾಸ್ತ್ರದಲ್ಲಿ ಗುಣಕ ಎನ್ನುತ್ತಾರೆ. 1931ರಲ್ಲಿ ರಿಚರ್ಡ್ ಕಾಹ್ನ್ ಇದನ್ನು ಲೆಕ್ಕಕ್ಕೆ ಇಳಿಸಿದರು, 1936ರಲ್ಲಿ ಕೇನ್ಸ್ ತಮ್ಮ ಸಿದ್ಧಾಂತದ ನಡುವೆ ತಂದಿಟ್ಟರು. ಕೈಗೆ ಹೊಸದಾಗಿ ಬಂದ ರೂಪಾಯಿಯಲ್ಲಿ ಎಷ್ಟು ಖರ್ಚಾಗುತ್ತದೆ ಎಂಬುದು ಸೀಮಾಂತ ಅನುಭೋಗ ಪ್ರವೃತ್ತಿ; ಪಿಯುಸಿ ಅರ್ಥಶಾಸ್ತ್ರ ಓದಿದವರಿಗೆ ಗೊತ್ತಿರುವ ಮಾತು. ಅದು 0.9 ಇದ್ದರೆ ಗುಣಕ 10 ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವರೂ ಇದ್ದಾರೆ.

ನಿಜದ ಬದುಕಿನಲ್ಲಿ 10 ಎಲ್ಲೂ ಬರುವುದಿಲ್ಲ. ಪ್ರತಿ ಸುತ್ತಿನಲ್ಲೂ ತೆರಿಗೆ ಕತ್ತರಿಸುತ್ತದೆ, ಹೊರಗಿನ ಸರಕು ಎಳೆದುಕೊಳ್ಳುತ್ತದೆ, ಒಂದಷ್ಟು ಬೆಲೆ ಏರಿಕೆಗೆ ಬಲಿಯಾಗುತ್ತದೆ. ದೇಶದ ಮಟ್ಟದಲ್ಲಿ ಅಳೆದ ಗುಣಕಗಳು ಹೆಚ್ಚಾಗಿ ಅರ್ಧದಿಂದ ಎರಡೂವರೆಯ ನಡುವೆ ಓಡಾಡುತ್ತವೆ. ಎಲ್ಲಿ, ಯಾವಾಗ, ಯಾರಿಗೆ ಖರ್ಚಾಯಿತು ಎನ್ನುವುದೇ ಆ ಅಂತರ. ಅಸಮಾನತೆ ಒಳಗೆ ಬರುವುದು ಈ ‘ಯಾರಿಗೆ’ ಎಂಬ ಬಾಗಿಲಿನಿಂದ: ಅಸಮಾನತೆ ಹೆಚ್ಚಿದಷ್ಟೂ ಕೈ ಬರಿದಾದವರು ಹೆಚ್ಚು, ಅವರಿಗೆ ಹೋದ ಹಣ ಹೆಚ್ಚು ಸುತ್ತುತ್ತದೆ, ಖರ್ಚಿನ ಪರಿಣಾಮವೂ ಹೆಚ್ಚು ಎಂಬುದು ಸಾಮಾನ್ಯವಾಗಿ ಹೇಳುವ ಪಾಠ.

ಮೇಲಿನ ಕೆರೆಯ ಲೆಕ್ಕದಲ್ಲೇ ನೋಡಬಹುದು. ಅದೇ 6 ಲಕ್ಷ ಕೂಲಿ ಹಣ, ಹೇಗೋ ಜಾಬ್ ಕಾರ್ಡ್ ಮಾಡಿಸಿಕೊಂಡ ತೋಟದವರ ಖಾತೆಗೆ ಹೋಯಿತು ಎನ್ನೋಣ. ಅವರು ನೂರಕ್ಕೆ 50 ಮಾತ್ರ ಖರ್ಚು ಮಾಡಿ ಉಳಿದದ್ದನ್ನು ಬ್ಯಾಂಕಿನಲ್ಲಿ ಬಿಡುತ್ತಾರೆ. ಆಗ ಊರಿನ ಒಟ್ಟು ಆದಾಯ 10.5ರಿಂದ ಸುಮಾರು 9.1 ಲಕ್ಷಕ್ಕೆ ಇಳಿಯುತ್ತದೆ. ವ್ಯತ್ಯಾಸ ಸುಮಾರು 1.4 ಲಕ್ಷ. ಕೆರೆಗೂ ಕಾಲುಸಂಕಕ್ಕೂ ನಡುವೆ ಇದ್ದದ್ದು 8 ಲಕ್ಷಕ್ಕಿಂತ ಹೆಚ್ಚು. ಅಂದರೆ ಒಂದು ಊರಿನ ಮಟ್ಟಿಗೆ ಹಣ ಬಡವರಿಗೆ ಹೋಯಿತೇ ಎನ್ನುವುದಕ್ಕಿಂತ ಹಣ ಊರಲ್ಲಿ ನಿಂತಿತೇ ಎನ್ನುವುದೇ ದೊಡ್ಡ ಪ್ರಶ್ನೆ. ಬಡವರ ಪರ ಮಾತಾಡುವವರು ಇದನ್ನು ಹಾರಿಸಿಬಿಡುವುದುಂಟು.

ರಾಜ್ಯದ ಅಥವಾ ದೇಶದ ಮಟ್ಟಕ್ಕೆ ಹೋದರೆ ಚಿತ್ರ ತಿರುಗುತ್ತದೆ. ಬಳ್ಳಾರಿಯ ಕಬ್ಬಿಣಕ್ಕೆ ಕೊಟ್ಟದ್ದು ಹೊಸನಗರಕ್ಕೆ ಸೋರಿಕೆ, ಕರ್ನಾಟಕಕ್ಕೆ ಅಲ್ಲ. ಊರಿನ ಗಡಿ ಅಳಿಸಿಹೋದ ಮೇಲೆ ಉಳಿಯುವ ಮುಖ್ಯ ಸೋರಿಕೆಗಳು ಉಳಿತಾಯ, ತೆರಿಗೆ, ಆಮದು. ಅಲ್ಲಿ ಯಾರ ಕೈಗೆ ಹೋಯಿತು ಎಂಬ ಪ್ರಶ್ನೆಗೆ ಪೂರ್ತಿ ತೂಕ ಬರುತ್ತದೆ.

ಕೈಗಳ ನಡುವಿನ ಅಂತರ

2023-24ರ ಕೌಟುಂಬಿಕ ಅನುಭೋಗ ವೆಚ್ಚ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ ತಲಾ ತಿಂಗಳ ಖರ್ಚು ಸರಾಸರಿ 4,122 ರೂಪಾಯಿ. ಕೆಳಗಿನ ಶೇ. 5 ಜನರದು 1,677, ಮೇಲಿನ ಶೇ. 5 ಜನರದು 10,137. ಆರು ಪಟ್ಟು. ಅಸಮಾನತೆ ಅಳೆಯುವ ಗಿನಿ ಸೂಚ್ಯಂಕ (ಸೊನ್ನೆ ಎಂದರೆ ಎಲ್ಲರೂ ಸಮ, ಒಂದು ಎಂದರೆ ಎಲ್ಲವೂ ಒಬ್ಬರದೇ) ಗ್ರಾಮಾಂತರದಲ್ಲಿ 0.237 ಮಾತ್ರ. ಈ ಅಂಕಿ ಹಿಡಿದು ‘ನಮ್ಮಲ್ಲಿ ಅಸಮಾನತೆ ಅಷ್ಟೇನಿಲ್ಲ’ ಎನ್ನುವವರಿದ್ದಾರೆ. ಆದರೆ ಇದು ಖರ್ಚಿನ ಅಸಮಾನತೆ. ವಿಶ್ವ ಅಸಮಾನತೆ ಪ್ರಯೋಗಾಲಯದ ಸಂಶೋಧಕರ ಅಂದಾಜಿನಲ್ಲಿ 2022-23ರಲ್ಲಿ ಭಾರತದ ಆದಾಯದ ಶೇ. 22.6 ಮತ್ತು ಸಂಪತ್ತಿನ ಶೇ. 40.1 ಮೇಲಿನ ಶೇ. 1 ಜನರದು. ಎರಡು ಚಿತ್ರಗಳ ನಡುವಿನ ಬಿರುಕಿಗೆ ಒಂದು ಕಾರಣ, ಸಮೀಕ್ಷೆಯವರಿಗೆ ಸಿರಿವಂತರ ಮನೆ ಬಾಗಿಲು ಸುಲಭಕ್ಕೆ ತೆರೆಯದಿರುವುದು. ಇನ್ನೊಂದು, ಸಿರಿವಂತರು ಆದಾಯದಷ್ಟು ಖರ್ಚು ಮಾಡದಿರುವುದು. ಎರಡನೆಯದೇ ನಮ್ಮ ವಿಷಯ: ಹಣ ಮೇಲಕ್ಕೆ ಹೋದಷ್ಟೂ ಅದು ಅಂಗಡಿಗೆ ಮರಳುವುದು ಕಡಿಮೆ.

ಹಾಗೆಂದು ಬಡವ ಖರ್ಚು ಮಾಡುತ್ತಾನೆ, ಶ್ರೀಮಂತ ಕೂಡಿಡುತ್ತಾನೆ ಎಂದು ಗೆರೆ ಎಳೆದರೆ ಮಲೆನಾಡಿನಲ್ಲಿ ಲೆಕ್ಕ ತಪ್ಪುತ್ತದೆ. ಎರಡು ಎಕರೆ ಅಡಿಕೆ ತೋಟದವರನ್ನು ನೋಡಿ. ಜಮೀನಿನ ಬೆಲೆ ಹಿಡಿದರೆ ಅವರು ಲಕ್ಷಾಧೀಶರು. ಆದರೆ ಅವರ ದುಡ್ಡು ಬರುವುದು ಅಡಿಕೆ ಗೊನೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ, ಮಂಡಿಗೆ ಹಾಕಿದ ಮೇಲೆ. ಆಷಾಢದಲ್ಲಿ ಮೈಲುತುತ್ತ ತರಬೇಕು, ಮಳೆಗೆ ಗೊನೆ ಕೊಳೆಯದಂತೆ ಕೊಟ್ಟೆ ಕಟ್ಟುವವರಿಗೆ ಕೂಲಿ ಕೊಡಬೇಕು, ಮಕ್ಕಳ ಫೀಸು ಕಟ್ಟಬೇಕು. ಕೈಯಲ್ಲಿ ಕಾಸಿಲ್ಲ, ಮಂಡಿಯಲ್ಲಿ ಮುಂಗಡ ಎತ್ತಿ ಆಗಿದೆ. ಆಸ್ತಿ ಇದ್ದೂ ಕೈ ಬರಿದಾದ ಇಂಥ ಮನೆಗಳನ್ನು ಅರ್ಥಶಾಸ್ತ್ರಜ್ಞರು ಈಚಿನ ವರ್ಷಗಳಲ್ಲಿ ಪ್ರತ್ಯೇಕವಾಗಿ ಎಣಿಸತೊಡಗಿದ್ದಾರೆ, ಏಕೆಂದರೆ ಹೊಸ ರೂಪಾಯಿ ಸಿಕ್ಕಾಗ ಅವರೂ ಬಡವರಂತೆಯೇ ತಕ್ಷಣ ಖರ್ಚು ಮಾಡುತ್ತಾರೆ. ಹಾಗಾಗಿ ಜುಲೈನಲ್ಲಿ ಬಂದ 2,000 ರೂಪಾಯಿ ಆ ಮನೆಯಿಂದ ಎರಡೇ ದಿನದಲ್ಲಿ ಅಂಗಡಿಗೆ ಹೋಗುತ್ತದೆ. ಫೆಬ್ರವರಿಯಲ್ಲಿ ಬಂದರೆ ಖಾತೆಯಲ್ಲೇ ಮಲಗಿರುತ್ತದೆ. ಕೂಲಿಯವರ ಮನೆಯಲ್ಲಿ ಎರಡು ತಿಂಗಳಿಗೂ ಅಂಥ ವ್ಯತ್ಯಾಸವಿಲ್ಲ.

ತಿರುಗಿಸಿ ನೋಡಿದರೆ, ಬಡವರ ಕೈಗೆ ಹೋದದ್ದೆಲ್ಲ ಅಂಗಡಿಗೆ ಹೋಗುವುದೂ ಇಲ್ಲ. 2019ರ ಅಖಿಲ ಭಾರತ ಸಾಲ ಮತ್ತು ಹೂಡಿಕೆ ಸಮೀಕ್ಷೆಯಲ್ಲಿ ಗ್ರಾಮೀಣ ಮನೆಗಳಲ್ಲಿ ಶೇ. 35 ಸಾಲದಲ್ಲಿದ್ದವು, ಆ ಸಾಲದ ಮೂರನೇ ಒಂದು ಭಾಗ ಬ್ಯಾಂಕು, ಸೊಸೈಟಿಗಳ ಹೊರಗಿನದು. ವಾರದ ಕಂತು ಕಟ್ಟುವ ಮನೆಗೆ ಸರ್ಕಾರದ ಹಣ ಬಂದರೆ ಅದು ನೇರ ಕಂತಿಗೆ. ಮೈಕ್ರೋ ಫೈನಾನ್ಸ್ ಕಂತುಗಳು ಮನೆಯ ತಿಂಗಳ ಆದಾಯದ ಅರ್ಧ ಮೀರಬಾರದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ನಿಯಮ ಮಾಡಿತು. ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ನಾಲ್ಕು ಕಡೆ ಸಾಲ ಎತ್ತಿದ ಮನೆಯಲ್ಲಿ ಗುಣಕ ಸೊನ್ನೆಯ ಹತ್ತಿರ: ಬಡವರ ಹೆಸರಲ್ಲಿ ಹೊರಟ ರೂಪಾಯಿ ಸಾಲ ಕೊಟ್ಟವರ ಉಳಿತಾಯವಾಗಿ ಕೊನೆಯಾಗುತ್ತದೆ. ಅಸಮಾನತೆ ಹೆಚ್ಚಿದಷ್ಟೂ ಖರ್ಚಿನ ಪರಿಣಾಮ ಹೆಚ್ಚುತ್ತದೆ ಎಂಬ ಪಾಠ ಇಲ್ಲಿ ಮುಗ್ಗರಿಸುತ್ತದೆ.

ಅಂಗಡಿಯ ಉದ್ರಿ ಬೇರೆ ಸಂಗತಿ. ಕೂಲಿ ಹಣ ಎರಡು ತಿಂಗಳು ತಡವಾದರೆ ಮನೆಯವರು ಅಕ್ಕಿ, ಬೇಳೆ ಉದ್ರಿ ತರುತ್ತಾರೆ. ಹಣ ಬಂದಾಗ ತೀರಿಸುತ್ತಾರೆ. ಇಲ್ಲಿ ಖರ್ಚು ಮೊದಲೇ ಆಗಿದೆ, ಹಣ ಆಮೇಲೆ ಬಂದಿದೆ, ಅಷ್ಟೇ. ಆದರೆ ಅಂಗಡಿಯವರ ಬಂಡವಾಳ ಉದ್ರಿ ಪುಸ್ತಕದಲ್ಲಿ ಸಿಕ್ಕಿಕೊಂಡರೆ ಅವರು ಶಿವಮೊಗ್ಗದಿಂದ ಮಾಲು ತರುವುದು ಕಡಿಮೆಯಾಗುತ್ತದೆ. ನರೇಗಾದಲ್ಲಿ 15 ದಿನದೊಳಗೆ ಕೂಲಿ ಪಾವತಿ ಎಂಬ ಗಡುವು, ಮೀರಿದರೆ ದಿನಕ್ಕೆ ಶೇ. 0.05 ಪರಿಹಾರ ಎಂಬ ನಿಯಮ ಇಟ್ಟದ್ದು ಇದಕ್ಕೇ. 370 ರೂಪಾಯಿಗೆ ಶೇ. 0.05 ಎಂದರೆ ದಿನಕ್ಕೆ 19 ಪೈಸೆ. ಯಾರನ್ನೂ ಹೆದರಿಸುವ ಮೊತ್ತವಲ್ಲ.

ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿಯಂಥ ಯೋಜನೆಯ ಹಣ ಮೂರು ತಿಂಗಳಿಗೊಮ್ಮೆ ಗಂಟಾಗಿ ಬಂದರೂ ಪರಿಣಾಮ ಬದಲಾಗುತ್ತದೆ. ತಿಂಗಳಿಗೆ ಎರಡು ಸಾವಿರ ದಿನಸಿಗೆ ಹೋಗುತ್ತದೆ. ಒಟ್ಟಿಗೆ ಆರು ಸಾವಿರ ಬಂದರೆ ಮಿಕ್ಸಿಗೋ ಫೋನಿಗೋ ಹೋಗುತ್ತದೆ. ಮನೆಯವರಿಗೆ ಅದೂ ಬೇಕಾದದ್ದೇ. ಊರಿನಲ್ಲಿ ಉಳಿಯುವ ಪಾಲು ಮಾತ್ರ ಇಳಿಯುತ್ತದೆ.

ಕೈಗೆ ಕೊಟ್ಟ ಹಣ, ಕೆಲಸ ಮಾಡಿಸಿ ಕೊಟ್ಟ ಹಣ

ಗೃಹಲಕ್ಷ್ಮಿಯ ವಿಚಾರದಲ್ಲಿ ವಾದ ಬಿಸಿಯಾಗುವಾಗ ಒಂದು ಅಂಕಿ ತಪ್ಪದೆ ಹೊರಬರುತ್ತದೆ. ದೆಹಲಿಯ ರಾಷ್ಟ್ರೀಯ ಸಾರ್ವಜನಿಕ ಹಣಕಾಸು ಮತ್ತು ನೀತಿ ಸಂಸ್ಥೆಯಲ್ಲಿ ಸುಕನ್ಯಾ ಬೋಸ್ ಮತ್ತು ಎನ್.ಆರ್. ಭಾನುಮೂರ್ತಿ 2013ರಲ್ಲಿ ಮಾಡಿದ ಅಂದಾಜು: ಭಾರತದಲ್ಲಿ ಬಂಡವಾಳ ವೆಚ್ಚದ (ರಸ್ತೆ, ಸೇತುವೆಯಂಥ ಆಸ್ತಿ ಕಟ್ಟುವ ಖರ್ಚಿನ) ಗುಣಕ 2.45, ವರ್ಗಾವಣೆ ಪಾವತಿಗಳದು (ಕೆಲಸ ಮಾಡಿಸದೆ ಕೈಗೆ ಕೊಡುವ ಹಣದ್ದು) 0.98, ಇತರ ಕಂದಾಯ ವೆಚ್ಚದ್ದು 0.99. ‘ರಸ್ತೆಗೆ ಹಾಕಿದರೆ ಎರಡೂವರೆ ಪಟ್ಟು, ಹೆಂಗಸರ ಖಾತೆಗೆ ಹಾಕಿದರೆ ಒಂದಕ್ಕೂ ಕಡಿಮೆ’ ಎಂದು ಇದನ್ನು ಬಳಸುತ್ತಾರೆ. ಹಾಗಾದರೆ ಕೈ ಬರಿದಾದವರಿಗೆ ಹೋದ ಹಣ ಹೆಚ್ಚು ಸುತ್ತುತ್ತದೆ ಎಂಬ ಮಾತು ಸುಳ್ಳೇ?

ಮೊದಲು ಲೆಕ್ಕದ ಪದ್ಧತಿ ನೋಡಬೇಕು. ಕಾಲುಸಂಕಕ್ಕೆ 100 ರೂಪಾಯಿ ಕೊಟ್ಟಾಗ 100 ರೂಪಾಯಿಯ ಕಾಲುಸಂಕ ಹುಟ್ಟಿತು. ರಾಷ್ಟ್ರೀಯ ಉತ್ಪಾದನೆಯಲ್ಲಿ ಅದು ಕೂಡಲೇ ಸೇರುತ್ತದೆ. ಗೃಹಲಕ್ಷ್ಮಿಯ 100 ರೂಪಾಯಿ ಖಾತೆಗೆ ಬಂದಾಗ ಏನೂ ಉತ್ಪಾದನೆಯಾಗಿಲ್ಲ. ಆಕೆ ಅಂಗಡಿಗೆ ಹೋದಾಗ ಮಾತ್ರ ಎಣಿಕೆ ಶುರು. ಅಂದರೆ ಮಿಕ್ಕೆಲ್ಲ ಒಂದೇ ಇದ್ದರೂ ವರ್ಗಾವಣೆಯ ಗುಣಕ ಕೆಲಸದ ಗುಣಕಕ್ಕಿಂತ ಸರಿಯಾಗಿ ಒಂದು ಕಡಿಮೆ ಬರುತ್ತದೆ. ನಮ್ಮ ಊರಿನ ಲೆಕ್ಕದಲ್ಲೇ, 500 ಮನೆಗೆ 2,000ದಂತೆ 10 ಲಕ್ಷ ಹಂಚಿದರೆ ಮನೆಗಳ ಕೈಯಲ್ಲಿ 10 ಲಕ್ಷ ಬಂತು, ಅದರ ಮೇಲೆ ಊರಿನ ವ್ಯಾಪಾರ, ದುಡಿಮೆಗಳಿಂದ ಇನ್ನೂ ಸುಮಾರು 5 ಲಕ್ಷ. ಗುಣಕ ಎಣಿಸುವುದು ಆ 5ನ್ನು ಮಾತ್ರ, 10ನ್ನಲ್ಲ. 0.98 ಎಂದರೆ ಹಣ ವ್ಯರ್ಥವಾಯಿತೆಂದಲ್ಲ. ಮನೆಗೆ ಒಂದು ರೂಪಾಯಿ ಸಿಕ್ಕಿತು, ಅದಲ್ಲದೆ 98 ಪೈಸೆಯ ಉತ್ಪಾದನೆ ಹೆಚ್ಚಿತು.

ಎರಡನೆಯದಾಗಿ, ಆ ಅಂದಾಜಿನ ‘ವರ್ಗಾವಣೆ’ ಎಂಬ ಚೀಲದಲ್ಲಿ ಬಡವರಿಗೆ ಕೊಡುವುದಷ್ಟೇ ಇಲ್ಲ, ಅದು ಎಲ್ಲದರ ಸರಾಸರಿ. ಮೂರನೆಯದು ಬಂಡವಾಳ ವೆಚ್ಚದ ನಿಜವಾದ ಬಲ: ಅದು ಖಾಸಗಿ ಹೂಡಿಕೆಯನ್ನು ಎಳೆದು ತರುತ್ತದೆ. ಕಾಲುಸಂಕ ಆದ ಮೇಲೆ ಮಳೆಗಾಲದ ನಾಲ್ಕು ತಿಂಗಳೂ ಹಾಲು ಡೇರಿಗೆ ಹೋಗುತ್ತದೆ, ಆಳುಗಳು ಆಚೆ ದಡದ ತೋಟಕ್ಕೆ ಬರುತ್ತಾರೆ, ಮಕ್ಕಳು ಶಾಲೆ ತಪ್ಪಿಸುವುದಿಲ್ಲ. ಯಾರೋ ಇನ್ನೊಂದು ಹಸು ಕಟ್ಟುತ್ತಾರೆ. ಮೊದಲ ವರ್ಷದ ಲೆಕ್ಕದಲ್ಲಿ 2.3 ಲಕ್ಷಕ್ಕೆ ನಿಂತ ಕಾಲುಸಂಕ ಹತ್ತು ವರ್ಷದ ಲೆಕ್ಕದಲ್ಲಿ ಕೆರೆಯನ್ನು ಮೀರಬಹುದು. ಆದರೆ ಎಲ್ಲ ಕಾಂಕ್ರೀಟೂ ಹೀಗೆ ಎಳೆಯುವುದಿಲ್ಲ. ಎರಡು ಮನೆಯ ಅಂಗಳಕ್ಕೆ ಹೋಗುವ ರಸ್ತೆಯೂ ಬಜೆಟ್ಟಿನಲ್ಲಿ ಬಂಡವಾಳ ವೆಚ್ಚವೇ, ಅದಕ್ಕೂ 2.45 ಎಂದು ಹೇಳುವುದು ಅಂಕಿಗೆ ಮಾಡುವ ಅನ್ಯಾಯ. ಶಿವಮೊಗ್ಗ ಬಳಿಯ ಸೋಗಾನೆಯಲ್ಲಿ 2023ರ ಫೆಬ್ರವರಿ 27ರಂದು ಉದ್ಘಾಟನೆಯಾದ, ಸುಮಾರು 450 ಕೋಟಿ ವೆಚ್ಚದ ವಿಮಾನ ನಿಲ್ದಾಣದ ಗುಣಕ 3.2 ಕಿಲೋಮೀಟರಿನ ರನ್‌ವೇಗೆ ಸುರಿದ ಡಾಂಬರಿನಿಂದ ತೀರ್ಮಾನವಾಗುವುದಿಲ್ಲ; ಅದರ ಸುತ್ತ ಯಾರು ಹಣ ಹೂಡುತ್ತಾರೆ ಎನ್ನುವುದರಿಂದ.

ಭೂಮಿ ಯಾರದು ಎನ್ನುವುದರ ಮೇಲೆ

ಅಸಮಾನತೆ ಸರ್ಕಾರದ ಖರ್ಚಿನ ಪರಿಣಾಮವನ್ನು ಬದಲಿಸುವ ಇನ್ನೊಂದು ದಾರಿ ಇದೆ. ಗುಣಕದ ಪಾಠದಲ್ಲಿ ಅದು ಬರುವುದಿಲ್ಲ, ನಮ್ಮ ದೃಷ್ಟಿಯಲ್ಲಿ ಅದೇ ಹೆಚ್ಚಿನದು.

ಆಂಧ್ರದಲ್ಲಿ (ಆಗ ತೆಲಂಗಾಣವೂ ಸೇರಿ) 157 ಮಂಡಲಗಳಲ್ಲಿ, 1.9 ಕೋಟಿ ಜನರಿರುವ ಪ್ರದೇಶದಲ್ಲಿ, ನರೇಗಾ ಕೂಲಿಯನ್ನು ಬಯೊಮೆಟ್ರಿಕ್ ಸ್ಮಾರ್ಟ್‌ಕಾರ್ಡ್ ಮೂಲಕ ಕೊಡುವ ಸುಧಾರಣೆಯನ್ನು ಹಂತಹಂತವಾಗಿ ಚೀಟಿ ಎತ್ತಿ ಜಾರಿ ಮಾಡಿದ್ದರು. ಕಾರ್ತಿಕ್ ಮುರಳೀಧರನ್, ಪಾಲ್ ನೀಹಾಸ್, ಸಂದೀಪ್ ಸುಖ್ತಂಕರ್ ಅದರ ಫಲ ಅಳೆದರು. ಫಲಾನುಭವಿ ಮನೆಗಳ ಗಳಿಕೆ ಶೇ. 14 ಏರಿತ್ತು. ಆ ಏರಿಕೆಯಲ್ಲಿ ಶೇ. 86 ಬಂದದ್ದು ನರೇಗಾ ಕೂಲಿಯಿಂದಲ್ಲ, ಬೇರೆ ದುಡಿಮೆಯಿಂದ: ಮುಖ್ಯವಾಗಿ ಹೊಲ, ತೋಟಗಳ ಖಾಸಗಿ ಕೂಲಿ ಏರಿದ್ದರಿಂದ. ಪಂಚಾಯಿತಿಯ ಕೆಲಸ ಹೊತ್ತಿಗೆ ಸರಿಯಾಗಿ ದುಡ್ಡು ಕೊಡುತ್ತದೆ ಎಂದಾಗ ಆಳಿಗೆ ‘ಇಷ್ಟಕ್ಕೆ ಬರುವುದಿಲ್ಲ’ ಎನ್ನುವ ಧೈರ್ಯ ಬರುತ್ತದೆ.

ಕೂಲಿ ಏರಿದರೆ ಕೆಲಸ ಕಡಿಮೆಯಾಗಬೇಕಲ್ಲ? ಆಗಲಿಲ್ಲ, ಹೆಚ್ಚಾಯಿತು. ಅದೂ ಭೂಮಿ ಕೆಲವೇ ಕೈಗಳಲ್ಲಿದ್ದ ಊರುಗಳಲ್ಲಿ ಹೆಚ್ಚು. ಕಾರಣ ಹೀಗೆ: ಕೆಲಸ ಕೊಡುವವರು ಎರಡೇ ಮನೆ ಇದ್ದರೆ, ಅವರು ಕೂಲಿ ತಗ್ಗಿಸಿ ಇಟ್ಟಿರುತ್ತಾರೆ, ಆ ಕೂಲಿಗೆ ಒಂದಷ್ಟು ಜನ ಮನೆಯಲ್ಲೇ ಉಳಿಯುತ್ತಾರೆ. ಹೊರಗೊಂದು ದಾರಿ ಸಿಕ್ಕಾಗ ಕೂಲಿ ಏರುತ್ತದೆ, ಮನೆಯಲ್ಲಿದ್ದವರೂ ಕೆಲಸಕ್ಕೆ ಇಳಿಯುತ್ತಾರೆ. ನಷ್ಟ ಆಗುವುದು ಜಮೀನಿನ ಆದಾಯಕ್ಕೆ. ಅದೂ ಅಧ್ಯಯನದಲ್ಲಿ ಕಂಡಿತು.

ಮಲೆನಾಡಿಗೆ ಇದು ಹೊಸ ಪಾಠವಲ್ಲ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತದ್ದು ಗೇಣಿ ಅಳೆಯುವ ಕೊಳಗದ ಮೇಲೆ: ಧಣಿ ಇಟ್ಟ ಅಳತೆಗೇ ಅಳೆಯಬೇಕು, ಬೇರೆ ದಾರಿಯಿಲ್ಲ. ಅಂಥ ಊರಿಗೆ ಆಗ ಸರ್ಕಾರ ಎಷ್ಟು ಹಣ ಸುರಿದಿದ್ದರೂ ಒಂದು ದೊಡ್ಡ ಪಾಲು ಗೇಣಿಯಾಗಿ ಮೇಲಕ್ಕೆ ಹೋಗುತ್ತಿತ್ತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ನಂತರ ಗೇಣಿ ಒಕ್ಕಲುಗಳ ಭೂಮಿ ಸರ್ಕಾರಕ್ಕೆ ಸೇರಿ, ಅರ್ಜಿ ಹಾಕಿದ ಗೇಣಿದಾರರಿಗೆ ಭೂನ್ಯಾಯಮಂಡಳಿಯ ಮೂಲಕ ಹಕ್ಕು ಬಂತು. ಆಮೇಲೆ ಬಂದ ರಸ್ತೆ, ವಿದ್ಯುತ್ತು, ಪಂಪ್‌ಸೆಟ್ಟಿನ ಲಾಭ ಉಳುವವರಲ್ಲೇ ನಿಲ್ಲುವ ದಾರಿ ತೆರೆಯಿತು. ಅರ್ಜಿ ಹಾಕದವರು, ಗೇಣಿ ಚೀಟಿಯೂ ಇಲ್ಲದೆ ಬರೀ ಆಳಾಗಿ ದುಡಿದವರು ಹೊರಗೇ ಉಳಿದರು. ಇವತ್ತಿನ ಜಾಬ್ ಕಾರ್ಡಿನ ಕೆಲಸದಲ್ಲೂ ಆ ಗೆರೆ ಕಾಣುತ್ತದೆ: ವೈಯಕ್ತಿಕ ಕಾಮಗಾರಿಯಲ್ಲಿ ಬಸಿಗಾಲುವೆ, ಕೃಷಿಹೊಂಡ, ಹೊಸ ತೋಟ ಸಿಗುವುದು ಪಹಣಿ ಇದ್ದ ಸಣ್ಣ ಹಿಡುವಳಿದಾರರಿಗೆ. ಭೂಮಿ ಇಲ್ಲದವರಿಗೆ ಕೂಲಿ ಮಾತ್ರ. ಅವರು ತೋಡಿದ ಬಸಿಗಾಲುವೆಯ ಫಲ ಮುಂದಿನ ಮೂವತ್ತು ವರ್ಷ ಇನ್ನೊಬ್ಬರದು. ಬಗರ್‌ಹುಕುಂ ಅರ್ಜಿ ಇತ್ಯರ್ಥವಾಗದೆ ಕೂತವರೂ, ಲಿಂಗನಮಕ್ಕಿಯ ನೀರಿಗೆ ಊರು ಬಿಟ್ಟು ಬಂದು ಇನ್ನೂ ಹಕ್ಕುಪತ್ರ ಕಾಣದವರೂ ಇದೇ ಸಾಲಿನವರು.

2025ರ ಡಿಸೆಂಬರಿನಲ್ಲಿ ಸಂಸತ್ತು ನರೇಗಾದ ಬದಲಿಗೆ ಹೊಸ ಕಾಯ್ದೆ ತಂದಿತು. ವರ್ಷಕ್ಕೆ ಒಂದು ಮನೆಗೆ ಖಾತರಿಯಾದ ಕೆಲಸದ ದಿನಗಳು 100ರಿಂದ 125ಕ್ಕೆ ಏರಿದವು; ಬಿತ್ತನೆ, ಕೊಯ್ಲಿನ ಹಂಗಾಮಿನಲ್ಲಿ 60 ದಿನದವರೆಗೆ ಕೆಲಸ ನಿಲ್ಲಿಸಲು ರಾಜ್ಯಗಳಿಗೆ ಅವಕಾಶ ಬಂತು. ಅಡಿಕೆ ಕೊಯ್ಲಿಗೆ ಆಳು ಸಿಗದೆ ಪರದಾಡುವ ತೋಟದವರಿಗೆ ಇದು ಸಮಾಧಾನ. ಆದರೆ ಮೇಲಿನ ಅಧ್ಯಯನ ಹೇಳುವ ಧೈರ್ಯ ಆಳಿಗೆ ಹೆಚ್ಚು ಬೆಲೆಬಾಳುವುದು ಆ 60 ದಿನಗಳಲ್ಲೇ.

ಅಂಗಡಿಯಲ್ಲಿ ಮಾಲಿಲ್ಲದಿದ್ದರೆ

ಎಲ್ಲರ ಕೈಗೂ ಹಣ ಬಂದರೆ ಬೆಲೆ ಏರಿ ಎಲ್ಲ ಕೊಚ್ಚಿಹೋಗುತ್ತದೆ ಎಂಬ ಆಕ್ಷೇಪ ಹಳೆಯದು. ಕೀನ್ಯಾದ ಸಿಯಾಯಾ ಜಿಲ್ಲೆಯಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿದರು. 653 ಹಳ್ಳಿಗಳಲ್ಲಿ ಚೀಟಿ ಎತ್ತಿ, 10,500 ಬಡ ಮನೆಗಳಿಗೆ ಸುಮಾರು 1,000 ಡಾಲರ್ ಕೊಟ್ಟರು. ಹಣ ಬಂದ ಕಡೆ ಅದು ಸ್ಥಳೀಯ ಉತ್ಪಾದನೆಯ ಶೇ. 15ರಷ್ಟಿತ್ತು. 2022ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸ್ಥಳೀಯ ಗುಣಕ ಸುಮಾರು ಎರಡೂವರೆ, ಬೆಲೆ ಏರಿಕೆ ಶೇ. 0.1. ಹಣ ಪಡೆಯದ ಪಕ್ಕದ ಮನೆಗಳ ಆದಾಯವೂ ಏರಿತು. ಅಲ್ಲಿನ ಹಿಟ್ಟಿನ ಗಿರಣಿಗಳು, ಅಂಗಡಿಗಳು ಅದುವರೆಗೆ ಅರ್ಧ ಹೊತ್ತು ಗಿರಾಕಿಯಿಲ್ಲದೆ ಕೂತಿದ್ದವು. ಗಿರಾಕಿ ಬಂದಾಗ ಹೊಸ ಖರ್ಚಿಲ್ಲದೆ ಹೆಚ್ಚು ಮಾರಿದವು.

ಆದ್ದರಿಂದ ಕೇಳಬೇಕಾದದ್ದು: ನಮ್ಮಲ್ಲಿ ಏನು ಖಾಲಿ ಕೂತಿದೆ? ಹಳ್ಳಿಯ ದರ್ಜಿ, ಆಟೋ, ಸಣ್ಣ ಹೋಟೆಲು ಖಾಲಿ ಕೂತಿವೆ. ನವೆಂಬರಿನಿಂದ ಜನವರಿಯವರೆಗೆ ಆಳು ಖಾಲಿ ಇಲ್ಲ. ಬಸ್ಸಿನ ವಿಷಯ ಇನ್ನೂ ಸ್ಪಷ್ಟ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಆದರೆ ತೀರ್ಥಹಳ್ಳಿ, ಹೊಸನಗರದ ಎಷ್ಟೋ ಒಳದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು. ಅಲ್ಲಿಯ ಹೆಣ್ಣುಮಗಳ ಪಾಲಿಗೆ ಆ ಖರ್ಚಿನ ಗುಣಕ ಸೊನ್ನೆ, ಏಕೆಂದರೆ ಮೊದಲ ರೂಪಾಯಿಯೇ ಅವಳ ತನಕ ಬಂದಿಲ್ಲ. ನಗದು ಕೊಟ್ಟರೆ ಎಲ್ಲಿದ್ದರೂ ಮುಟ್ಟುತ್ತದೆ. ಸೇವೆ ಕೊಟ್ಟರೆ ಸೇವೆ ಇರುವ ಕಡೆ ಮಾತ್ರ. ಹಿಂದುಳಿದ ಕಡೆಯೇ ಸೇವೆ ಕಡಿಮೆ ಇರುವುದರಿಂದ ಈ ಬಗೆಯ ಖರ್ಚು ಊರೂರಿನ ನಡುವಿನ ಅಂತರವನ್ನು ಹೆಚ್ಚಿಸಲೂಬಹುದು.

ಹಣ ಎಲ್ಲಿಂದ ಬಂತು ಎಂಬುದನ್ನು ಬಿಟ್ಟು ಇಲ್ಲಿಯವರೆಗೆ ಲೆಕ್ಕ ಹಾಕಿದೆವು. ರಾಜ್ಯಕ್ಕೆ ಮನಬಂದಷ್ಟು ಸಾಲ ಎತ್ತುವ ಹಾಗಿಲ್ಲ. 2002ರ ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಕೊರತೆಯನ್ನು ರಾಜ್ಯದ ಉತ್ಪಾದನೆಯ ಶೇ. 3ಕ್ಕೆ ಕಟ್ಟಿಹಾಕಿದೆ. 2025-26ರ ಬಜೆಟ್ಟಿನಲ್ಲಿ ಗ್ಯಾರಂಟಿಗಳಿಗೆ ಇಟ್ಟ 51,034 ಕೋಟಿಗೆ ಎದುರಾಗಿ ಎಲ್ಲೋ ಕಡಿತ, ಎಲ್ಲೋ ತೆರಿಗೆ ಇದ್ದೇ ಇದೆ. 2024ರ ಜೂನಿನಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಶೇ. 14.3ರಿಂದ 18.4ಕ್ಕೆ ಏರಿತು, ಟಿಲ್ಲರಿನ ಬಾಡಿಗೆ, ಖಾಸಗಿ ಬಸ್ಸಿನ ದರ, ಸಂತೆಗೆ ಬರುವ ತರಕಾರಿಯ ಸಾಗಾಣಿಕೆ ಎಲ್ಲಕ್ಕೂ ಅದು ತಾಗುತ್ತದೆ. ಖರ್ಚು ಮಾಡುವ ಕೈಯಿಂದಲೇ ಕಿತ್ತು ಅದೇ ಕೈಗೆ ಕೊಟ್ಟರೆ ಗುಣಕದಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಉಳಿತಾಯ ಮಾಡುವ ಕೈಯಿಂದ ತೆಗೆದರೆ ಉಳಿಯುತ್ತದೆ. ಆದರೆ ಕೃಷಿಯಲ್ಲದ ಆದಾಯದ ಮೇಲೆ ಆದಾಯ ತೆರಿಗೆ ಹಾಕುವ ಅಧಿಕಾರ ರಾಜ್ಯಕ್ಕಿಲ್ಲ, ಜಿಎಸ್‌ಟಿ ದರವನ್ನು ಅದೊಂದೇ ಏರಿಸುವಂತಿಲ್ಲ. ಕೈಯಲ್ಲಿರುವುದು ಇಂಧನ, ಮದ್ಯ, ನೋಂದಣಿ ಶುಲ್ಕ, ವಾಹನ ತೆರಿಗೆ. ಇವುಗಳಲ್ಲಿ ಮೊದಲೆರಡು ಬಡವರ ಮೇಲೆಯೇ ಹೆಚ್ಚು ಭಾರ.

ಕಡಿತವೂ ಹೀಗೆಯೇ, ಉಲ್ಟಾ ದಿಕ್ಕಿನಲ್ಲಿ. ಬ್ರಿಂಕಾ, ಹೋಲ್ಟರ್, ಕ್ರುಸೆಲ್, ಮಲಫ್ರಿ ಎಂಬ ನಾಲ್ವರು 2016ರಲ್ಲಿ ದೇಶದೇಶಗಳ ಅಂಕಿ ಹೋಲಿಸಿ, ಸಂಪತ್ತಿನ ಅಸಮಾನತೆ ಹೆಚ್ಚಿದ್ದಲ್ಲಿ ಗುಣಕವೂ ಹೆಚ್ಚು ಎಂದು ತೋರಿಸಿದರು. ಸಾಲ ಸಿಗದೆ ಕೈ ಬರಿದಾದವರ ಪ್ರಮಾಣ ಅಲ್ಲಿ ಹೆಚ್ಚು. ಇದೇ ತರ್ಕದಲ್ಲಿ ಅಂಥ ಕಡೆ ಖರ್ಚು ನಿಲ್ಲಿಸಿದರೆ ಪೆಟ್ಟೂ ಹೆಚ್ಚು.

ನಿಮ್ಮ ಊರಿನ ಲೆಕ್ಕ

ಗ್ರಾಮಸಭೆಗೆ ಹೋಗುವ ಮೊದಲು ಒಂದು ಕಾಮಗಾರಿಯ ಅಂದಾಜುಪಟ್ಟಿಯ ಪ್ರತಿ ಪಡೆಯಿರಿ. ಅದರಲ್ಲಿ ಕೂಲಿ, ಸಾಮಗ್ರಿ, ಯಂತ್ರ, ತೆರಿಗೆ ಬೇರೆ ಬೇರೆ ಇರುತ್ತವೆ. ಪ್ರತಿ ಬಾಬ್ತಿನ ಪಕ್ಕದಲ್ಲಿ ಇದು ಊರಿನದೋ ಹೊರಗಿನದೋ ಎಂದು ಬರೆದು ಕೂಡಿ. ಮೊದಲ ಸುತ್ತು ಸಿಕ್ಕಿತು. ಕೂಲಿಯ ಮೊತ್ತಕ್ಕೆ ಮೇಲಿನ 36 ಅಥವಾ ನಿಮ್ಮದೇ ಅಂದಾಜು ಹಾಕಿ. ಕೆಂಪುಕಲ್ಲಿನ ಬದಲು ಸಿಮೆಂಟ್ ಬ್ಲಾಕ್ ಬರೆದಿದ್ದರೆ, ಕೈಗೆಲಸದ ಜಾಗದಲ್ಲಿ ಯಂತ್ರ ಬರೆದಿದ್ದರೆ ಊರಿಗೆ ಎಷ್ಟು ಕಡಿಮೆಯಾಯಿತೆಂದು ಅಲ್ಲೇ ಕಾಣುತ್ತದೆ.

ಲೆಕ್ಕ ಕೆಡುವುದು ಸಾಮಾನ್ಯವಾಗಿ ಕೂಲಿಯ ಸಾಲಿನಲ್ಲಿ. ಹಾಜರಿಪಟ್ಟಿಯಲ್ಲಿ 40 ಹೆಸರು, ಕೆರೆಯಲ್ಲಿ ಒಂದು ಜೆಸಿಬಿ. ಹಣ 40 ಖಾತೆಗೆ ಬಂದು, ತಲಾ ಸ್ವಲ್ಪ ಉಳಿದು, ಮಿಕ್ಕದ್ದು ಯಂತ್ರದವರ ಕೈಗೆ. ಕಾಗದದ ಮೇಲೆ ಶೇ. 60 ಕೂಲಿ, ಊರಿನ ಆದಾಯ ಕಾಲುಸಂಕದಷ್ಟೇ. ಹೀಗಾಗಿದೆಯೇ ಎಂದು ತಿಳಿಯಲು ಹಾಜರಿಪಟ್ಟಿಯ ತಾರೀಕು ನೋಡಿ. ಅಡಿಕೆ ಕೊಯ್ಲಿನ ನಡುವೆ, ತೋಟದ ಕೂಲಿ ಸರ್ಕಾರಿ ಕೂಲಿಗಿಂತ ಎಷ್ಟೋ ಮೇಲಿರುವಾಗ, ಒಂದೇ ವಾರದಲ್ಲಿ 40 ಜನ ಕೆರೆ ಹೂಳು ತೆಗೆದರು ಎಂದಿದ್ದರೆ, ಕೆರೆಯ ದಂಡೆಗೆ ಹೋಗಿ ಮಣ್ಣಿನ ಮೇಲೆ ಬಕೆಟ್ಟಿನ ಹಲ್ಲಿನ ಗುರುತು ಹುಡುಕಿ. ಮೊದಲ ಮಳೆ ಬೀಳುವವರೆಗೂ ಅದು ಇರುತ್ತದೆ.